ಡ್ರಾಫ್ಟ್‌ಗೆ ಮುಂಚೆ ಇಬ್ಬರು ಮಿಡ್‌ಫೀಲ್ಡರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ಮೆಲ್ಬರ್ನ್‌ನ ಪಶ್ಚಿಮದ ಕಡೆ, ಜುಲೈ ತಿಂಗಳ ಒಂದು ಶನಿವಾರ. 18 ವರ್ಷದೊಳಗಿನವರ ಫೂಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಪಂದ್ಯ. ಬೇಲಿಗೆ ಒರಗಿ ನಿಂತಿದ್ದೆ. ಕೈಯಲ್ಲಿ ಕಾಫಿ, ಮುಖಕ್ಕೆ ಸೋನೆ ಮಳೆ. ಪಕ್ಕದಲ್ಲಿದ್ದ ಇಬ್ಬರು ಹಿರಿಯರು ಇಬ್ಬರು ಹುಡುಗರ ಬಗ್ಗೆ ಜಗಳಕ್ಕೇ ಇಳಿದಿದ್ದರು. ಒಬ್ಬರದು ಒಂದೇ ಮಾತು: ನಮ್ಮವನು 33 ಸಲ ಚೆಂಡು ಆಡಿದ್ದಾನೆ, ನಿಮ್ಮವನು ಬರೀ 19 ಸಲ. ಇನ್ನೊಬ್ಬರು ನಕ್ಕು, "ಅದೆಲ್ಲ ಸರಿ, ಎಲ್ಲಿ ಸಿಕ್ಕಿದ ಚೆಂಡು ಅದು?" ಎಂದರು.

ಅಲ್ಲಿಂದೀಚೆಗೆ ನಾನು ಹುಡುಗರನ್ನು ನೋಡುವ ರೀತಿಯೇ ಬದಲಾಯಿತು. ಎಷ್ಟು ಸಲ ಅನ್ನುವುದಕ್ಕಿಂತ ಎಲ್ಲಿ, ಹೇಗೆ, ಆಮೇಲೇನಾಯಿತು ಎಂದು ಕೇಳಿಕೊಳ್ಳುವ ಅಭ್ಯಾಸ ಬಂತು. ಪ್ರತಿ ನವೆಂಬರ್‌ನಲ್ಲಿ ಫೂಟಿಯ ದೊಡ್ಡ ಲೀಗ್ ಎಎಫ್‌ಎಲ್‌ನ ಡ್ರಾಫ್ಟ್, ಅಂದರೆ ಕ್ಲಬ್‌ಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಹೊತ್ತು, ಬಂದಾಗ ಸ್ನೇಹಿತರು ಫೋನ್ ಮಾಡಿ, "ಇವನಾ ಅವನಾ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲು, ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಒಂದು ಮಾತು. ಡ್ರಾಫ್ಟ್‌ನಲ್ಲಿ ದುಡ್ಡು ಕೂಗುವುದಿಲ್ಲ, ಸರದಿಯ ಮೇಲೆ ಆರಿಸುತ್ತಾರೆ. ಹಿಂದಿನ ಸೀಸನ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಈ ಪದ್ಧತಿ 1986ರಿಂದ ಇದೆ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗ ಹೆಸರು ಕೊಡಬಹುದು. ಯಾವ ಊರಿಗೆ ಹೋಗುತ್ತೇನೆ ಎನ್ನುವುದು ಅವನ ಕೈಯಲ್ಲಿಲ್ಲ. ಪರ್ತ್‌ನ ಹುಡುಗ ಬ್ರಿಸ್ಬೇನ್‌ಗೆ ಗಂಟುಮೂಟೆ ಕಟ್ಟಬೇಕಾಗಬಹುದು.

ಇನ್ನು ಮಿಡ್‌ಫೀಲ್ಡರ್‌ಗೇ ಯಾಕೆ ಇಷ್ಟು ಬೇಡಿಕೆ? ಒಂದು ತಂಡದಲ್ಲಿ 18 ಜನ ಮೈದಾನದಲ್ಲಿರುತ್ತಾರೆ. ಆದರೆ ಪ್ರತಿ ಗೋಲ್ ಆದ ಮೇಲೆ ಚೆಂಡು ಮಧ್ಯಕ್ಕೆ ಬಂದಾಗ, ನಡುವಿನ ಚೌಕದೊಳಗೆ ಒಂದೊಂದು ತಂಡದಿಂದ ನಾಲ್ಕೇ ಜನ ನಿಲ್ಲಬಹುದು. ಮೇಲೆ ಹಾಕಿದ ಚೆಂಡನ್ನು ತನ್ನವರಿಗೆ ತಟ್ಟಿಕೊಡುವ ಒಬ್ಬ ಎತ್ತರದ ರಕ್‌ಮನ್, ಮೂವರು ಮಿಡ್‌ಫೀಲ್ಡರ್‌ಗಳು. ಪಂದ್ಯ ಯಾವ ಕಡೆ ವಾಲುತ್ತದೆ ಎನ್ನುವುದು ಬಹಳ ಸಲ ಆ ಮೂವರ ಮೇಲೆ ನಿಂತಿರುತ್ತದೆ.

ಮೊದಲ ಹೆಜ್ಜೆ: ಯಾವ ಕೆಲಸದವನು ಅಂತ ಗುರುತಿಸಿ

ಮಿಡ್‌ಫೀಲ್ಡರ್ ಅನ್ನುವುದು ಒಂದೇ ಕೆಲಸ ಅಲ್ಲ. ಗುಂಪಿನೊಳಗೆ ನುಗ್ಗಿ, ಕಾಲುಗಳ ಮಧ್ಯೆಯಿಂದ ಚೆಂಡು ಕಿತ್ತು ತರುವವನು ಇನ್‌ಸೈಡ್ ಮಿಡ್. ಅವನು ಹೊರಗೆ ತಳ್ಳಿದ ಚೆಂಡನ್ನು ಓಡುತ್ತಾ ತೆಗೆದುಕೊಂಡು, 50 ಮೀಟರ್ ದೂರ ಒದ್ದು, ಮುಂದಿನವನ ಎದೆಗೆ ಮುಟ್ಟಿಸುವವನು ಔಟ್‌ಸೈಡ್ ಮಿಡ್. ಎರಡೂ ಮಾಡುವವರು ಕಡಿಮೆ. ಅಂಥವರಿಗೇ ಮೊದಲ ಐದು ಪಿಕ್‌ನೊಳಗೆ (ಡ್ರಾಫ್ಟ್‌ನ ಆಯ್ಕೆಯೊಳಗೆ) ಜಾಗ.

ಇದಕ್ಕೆ 2019ರ ಡ್ರಾಫ್ಟ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮ್ಯಾಟ್ ರೋವೆಲ್ ಒಂದನೇ ಪಿಕ್, ನೋವಾ ಆ್ಯಂಡರ್ಸನ್ ಎರಡನೇ ಪಿಕ್. ಇಬ್ಬರೂ ಮೆಲ್ಬರ್ನ್‌ನ ಕ್ಯಾರಿ ಗ್ರಾಮರ್ ಶಾಲೆಯವರು, ಇಬ್ಬರೂ ಓಕ್ಲೀ ಚಾರ್ಜರ್ಸ್ ತಂಡದಲ್ಲಿ ಆಡಿದವರು, ಸಾಲದ್ದಕ್ಕೆ ಗೆಳೆಯರು. ಇಬ್ಬರನ್ನೂ ಗೋಲ್ಡ್ ಕೋಸ್ಟ್ ಸನ್ಸ್ ತೆಗೆದುಕೊಂಡಿತು. ಹೋಲಿಕೆಗೆ ಇಷ್ಟು ಸಮನಾದ ಜೋಡಿ ಸಿಗುವುದು ಅಪರೂಪ. ಆದರೂ ಆಟದಲ್ಲಿ ಒಬ್ಬರಂತೆ ಒಬ್ಬರಿಲ್ಲ. ರೋವೆಲ್ ಸುಮಾರು 180 ಸೆಂ.ಮೀ., ಗಟ್ಟಿ ಮೈ, ಚೆಂಡಿನ ಮೇಲೆ ಬೀಳುವವನು, ಎದುರಾಳಿಯನ್ನು ಹಿಡಿದು ಕೆಡವುವುದರಲ್ಲಿ ಎತ್ತಿದ ಕೈ. ಆ್ಯಂಡರ್ಸನ್ 190 ಸೆಂ.ಮೀ. ದಾಟಿದವನು, ನೇರ ನಿಂತು ಓಡುವವನು, ದೂರದ ಒದೆತ ಅವನ ಆಸ್ತಿ. "ಇಬ್ಬರಲ್ಲಿ ಯಾರು ಮೇಲು?" ಎಂದು ಕೇಳಿದರೆ ಅಡಿಗೆಮನೆಯಲ್ಲಿ ಚಾಕು ಮೇಲೋ ಸೌಟು ಮೇಲೋ ಎಂದು ಕೇಳಿದಂತೆ. ನಿಮ್ಮ ತಂಡಕ್ಕೆ ಈಗ ಏನು ಬೇಕು ಎನ್ನುವುದೇ ಅಸಲು ಪ್ರಶ್ನೆ.

ಹಾಗಾಗಿ ಹಾಳೆಯ ಮೇಲೆ ಎರಡು ಹೆಸರು ಬರೆದ ಕೂಡಲೇ ಪಕ್ಕದಲ್ಲಿ ಕೆಲಸವನ್ನೂ ಬರೆಯಿರಿ. ಇನ್‌ಸೈಡ್‌ನವನನ್ನು ಇನ್‌ಸೈಡ್‌ನವನ ಜೊತೆಗೇ ಹೋಲಿಸಿ.

ಎತ್ತರದ ಬಗ್ಗೆ ಒಂದು ಮಾತು. ಎಲ್ಲರೂ ಅದಕ್ಕೇ ಮೊದಲು ಕಣ್ಣು ಹಾಕುತ್ತಾರೆ. ಪ್ಯಾಟ್ರಿಕ್ ಕ್ರಿಪ್ಸ್ 195 ಸೆಂ.ಮೀ., ಲಾಕಿ ನೀಲ್ 180ನ್ನೂ ಮುಟ್ಟದವನು. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಇಬ್ಬರ ಕೊರಳಿಗೂ ಎರಡೆರಡು ಸಲ ಬಿದ್ದಿದೆ. ನೀಲ್‌ಗೆ 2020 ಮತ್ತು 2023ರಲ್ಲಿ, ಕ್ರಿಪ್ಸ್‌ಗೆ 2022 ಮತ್ತು 2024ರಲ್ಲಿ. ನೀಲ್ 2011ರ ಡ್ರಾಫ್ಟ್‌ನಲ್ಲಿ 58ನೇ ಪಿಕ್. ಅಷ್ಟು ಹೊತ್ತಿಗೆ ಟಿವಿ ನೋಡುತ್ತಿದ್ದವರು ಊಟಕ್ಕೆ ಎದ್ದಿರುತ್ತಾರೆ.

ಎರಡನೇ ಹೆಜ್ಜೆ: ಯಾರ ಎದುರು ಆಡಿದ?

ವಿಕ್ಟೋರಿಯಾದ ಹುಡುಗರು ಹೆಚ್ಚಾಗಿ ತಮ್ಮ ವಯಸ್ಸಿನವರ ಲೀಗ್‌ನಲ್ಲಿ ಆಡುತ್ತಾರೆ, ಜೊತೆಗೆ ಶಾಲೆಯ ಪಂದ್ಯಗಳು. ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ ಕಡೆ ಚುರುಕಾದ ಹುಡುಗನಿಗೆ 17-18ಕ್ಕೇ ಆಯಾ ರಾಜ್ಯದ ಲೀಗ್‌ಗಳಾದ ಎಸ್‌ಎಎನ್‌ಎಫ್‌ಎಲ್ ಅಥವಾ ಡಬ್ಲ್ಯುಎಎಫ್‌ಎಲ್‌ನ ಹಿರಿಯರ ತಂಡದಲ್ಲಿ ಜಾಗ ಸಿಗುವುದುಂಟು. ಅಲ್ಲಿ ಎದುರು ನಿಲ್ಲುವವನು 28 ವರ್ಷದ ಗಂಡಸು, 90 ಕೆಜಿ ತೂಕ. ಹುಡುಗರ ಮಧ್ಯೆ 35 ಸಲ ಚೆಂಡು ಆಡಿದವನಿಗೂ, ಗಂಡಸರ ಮಧ್ಯೆ 18 ಸಲ ಆಡಿದವನಿಗೂ ತಕ್ಕಡಿ ಹಿಡಿದರೆ ನಾನು ಎರಡನೆಯವನ ಕಡೆ ಸ್ವಲ್ಪ ವಾಲುತ್ತೇನೆ.

ಹಾಗಂತ ಇದು ಕಲ್ಲಿನ ಮೇಲಿನ ಗೆರೆಯಲ್ಲ. 2021ರಲ್ಲಿ ಒಂದನೇ ಪಿಕ್ ಆದ ಜೇಸನ್ ಹಾರ್ನ್-ಫ್ರಾನ್ಸಿಸ್ ಸೌತ್ ಅಡಿಲೇಡ್‌ನ ಹಿರಿಯರ ತಂಡದಲ್ಲಿ ಆಡಿ ಬಂದವನು. ಅದೇ ವರ್ಷ ನಾಲ್ಕನೇ ಪಿಕ್‌ನಲ್ಲಿ ಕಾಲಿಂಗ್‌ವುಡ್ ಸೇರಿದ ನಿಕ್ ಡೇಕೋಸ್ ಹುಡುಗರ ಲೀಗ್‌ನಲ್ಲಿ ಮಿಂಚಿದವನು. ಮರುವರ್ಷ ಹೊಸಬರಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಡೇಕೋಸ್ ಪಾಲಾಯಿತು. ಹಾರ್ನ್-ಫ್ರಾನ್ಸಿಸ್ ನಾರ್ತ್ ಮೆಲ್ಬರ್ನ್‌ನಲ್ಲಿ ಒಂದೇ ಸೀಸನ್ ಇದ್ದು ಪೋರ್ಟ್ ಅಡಿಲೇಡ್‌ಗೆ ಹೋದ.

ಎಲ್ಲರನ್ನೂ ಒಂದೇ ಅಳತೆಗೋಲಿನಲ್ಲಿ ನೋಡಲು ಸಿಗುವ ಜಾಗ ಅಂದರೆ ವರ್ಷದ ನಡುವೆ ನಡೆಯುವ 18 ವರ್ಷದೊಳಗಿನವರ ರಾಜ್ಯ ಚಾಂಪಿಯನ್‌ಶಿಪ್. ವಿಕ್ಟೋರಿಯಾದ ನಗರದ ಹುಡುಗರ ವಿಕ್ ಮೆಟ್ರೋ, ಹೊರ ಊರಿನವರ ವಿಕ್ ಕಂಟ್ರಿ, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಉಳಿದ ರಾಜ್ಯಗಳವರು ಸೇರಿದ ಅಲೈಸ್ ತಂಡ. ನಿಮಗೆ ವರ್ಷಕ್ಕೆ ನಾಲ್ಕೇ ಪಂದ್ಯ ನೋಡಲು ಬಿಡುವಿದ್ದರೆ ನಾಲ್ಕೂ ಇಲ್ಲಿಂದಲೇ ಆರಿಸಿಕೊಳ್ಳಿ.

ಹುಟ್ಟಿದ ದಿನವನ್ನೂ ಬರೆದುಕೊಳ್ಳಿ

ಇದು ಸಣ್ಣ ವಿಷಯ, ಆದರೆ ಬಹಳ ಜನ ಬಿಟ್ಟುಬಿಡುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಡ್ರಾಫ್ಟ್‌ಗೆ ಬರುತ್ತಾರೆ. ಆ ವಯಸ್ಸಿನಲ್ಲಿ 11 ತಿಂಗಳು ಅಂದರೆ ಐದಾರು ಕೆಜಿ ಮಾಂಸಖಂಡ, ಒಂದು ಸೀಸನ್ನಿನ ಅನುಭವ. ಡೇಕೋಸ್ ಹುಟ್ಟಿದ್ದು 2003ರ ಜನವರಿ 3ಕ್ಕೆ. ನಾಲ್ಕು ದಿನ ಮೊದಲು ಹುಟ್ಟಿದ್ದರೆ ಒಂದು ವರ್ಷ ಹಿಂದಿನ ಡ್ರಾಫ್ಟ್‌ಗೇ ಹೋಗಬೇಕಿತ್ತು. ಇಬ್ಬರು ಹುಡುಗರು ಆಟದಲ್ಲಿ ಸಮ ಕಂಡರೆ ಚಿಕ್ಕವನ ಹೆಸರಿನ ಮುಂದೆ ಒಂದು ಚುಕ್ಕೆ ಇಡಿ. ಬೆಳೆಯುವುದು ಇನ್ನೂ ಬಾಕಿ ಇರುವವನು ಅವನೇ.

ಮೂರನೇ ಹೆಜ್ಜೆ: ಚೆಂಡನ್ನು ಬಿಡಿ, ಹುಡುಗನನ್ನು ನೋಡಿ

ಈ ಹೆಜ್ಜೆಗೆ ಅರ್ಧ ದಿನ ಬೇಕು. ಮೈದಾನಕ್ಕೇ ಹೋಗಬೇಕು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಿಮ್ಮ ಹುಡುಗ ಚೌಕಟ್ಟಿನ ಆಚೆ ಏನು ಮಾಡುತ್ತಿದ್ದಾನೆ ಎಂದು ಗೊತ್ತಾಗುವುದೇ ಇಲ್ಲ. ಯೂಟ್ಯೂಬ್‌ನ ಹೈಲೈಟ್ಸ್ ಅಂತೂ ಮದುವೆ ಆಲ್ಬಂ ಇದ್ದಂತೆ. ಯಾರೂ ಅದರಲ್ಲಿ ಕಣ್ಣು ಮುಚ್ಚಿರುವುದಿಲ್ಲ.

ಮಧ್ಯದ ಚೌಕ ಚೆನ್ನಾಗಿ ಕಾಣುವ ಕಡೆ ನಿಂತುಕೊಳ್ಳಿ. ಮೊದಲ ಕ್ವಾರ್ಟರ್ ಪೂರ್ತಿ ಒಬ್ಬನ ಮೇಲೆಯೇ ಕಣ್ಣಿಡಿ. ಎರಡನೆಯದರಲ್ಲಿ ಇನ್ನೊಬ್ಬ. ಮೂರನೆಯದರಲ್ಲಿ ಮತ್ತೆ ಮೊದಲನೆಯವನು. ಸ್ಕೋರ್ ಏನಾಯಿತು ಎಂದು ಪಕ್ಕದವರನ್ನು ಕೇಳುವಂತಾದರೆ ನೀವು ಸರಿಯಾಗಿ ನೋಡುತ್ತಿದ್ದೀರಿ ಎಂದರ್ಥ.

ಏನು ನೋಡಬೇಕು? ಮೇಲೆ ಹೇಳಿದ ಆ ಜುಲೈ ಶನಿವಾರದ ಒಂದೇ ಕ್ಷಣ ಹೇಳುತ್ತೇನೆ. ಅಂಪೈರ್ ಚೆಂಡನ್ನು ಮೇಲೆ ಹಾಕುವ ಮುಂಚೆ, ಆ 19 ಸಲ ಚೆಂಡು ಆಡಿದ ಹುಡುಗ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ. ಒಮ್ಮೆ ಎಡಗಡೆ, ಒಮ್ಮೆ ಬಲಗಡೆ. ತನ್ನವರು ಎಲ್ಲಿದ್ದಾರೆ ಎಂದು ತಲೆಯಲ್ಲಿ ಬರೆದುಕೊಂಡ. ರಕ್‌ಮನ್ ತಟ್ಟಿದ ಚೆಂಡು ನೆಲಕ್ಕೆ ಬಿತ್ತು. ಮಳೆಯಲ್ಲಿ ನೆನೆದ ಚೆಂಡು ಮೀನಿನಂತೆ ಜಾರುತ್ತದೆ. ಅವನು ಒಂದೇ ಪಟ್ಟಿಗೆ, ಎರಡೂ ಕೈಯಲ್ಲಿ ಎತ್ತಿಕೊಂಡ. ಬೆನ್ನ ಮೇಲೆ ಎದುರಾಳಿ ಬಿದ್ದಾಗಲೂ ತೋಳು ಎರಡನ್ನೂ ಮೇಲಕ್ಕೆತ್ತಿ ಬಿಡಿಸಿಕೊಂಡಿದ್ದ. ನೋಡದೆಯೇ ಎಡಗೈ ಮುಷ್ಟಿಯಿಂದ ಬಲಕ್ಕೆ ಹ್ಯಾಂಡ್‌ಬಾಲ್ ಹೊಡೆದ. ಅಲ್ಲಿ ಓಡುತ್ತಿದ್ದವನಿಗೆ ಚೆಂಡು ಸಿಕ್ಕಾಗ ಅವನ ಸುತ್ತ ಐದು ಮೀಟರ್ ಬಯಲು. ಇದೆಲ್ಲ ಎರಡು ಸೆಕೆಂಡ್. ಅಂಕಿಪಟ್ಟಿಯಲ್ಲಿ ಒಂದು ಹ್ಯಾಂಡ್‌ಬಾಲ್ ಅಂತ ಬಿತ್ತು, ಅಷ್ಟೇ.

ಆ 33 ಸಲ ಆಡಿದ ಹುಡುಗ? ಕೆಟ್ಟ ಆಟಗಾರನಲ್ಲ. ಆದರೆ ಹಿಂಭಾಗದಲ್ಲಿ, ಯಾರೂ ಮೇಲೆ ಬೀಳದ ಜಾಗದಲ್ಲಿ, ತನ್ನ ಡಿಫೆಂಡರ್‌ಗೆ ಕೊಟ್ಟು ವಾಪಸ್ ಇಸಿದುಕೊಳ್ಳುತ್ತಿದ್ದ. ಕೊಟ್ಟರೂ ಒಂದು, ಇಸಿದುಕೊಂಡು ಒದ್ದರೂ ಇನ್ನೊಂದು. ಲೆಕ್ಕ ಬೆಳೆಯುತ್ತದೆ, ಚೆಂಡು ಇದ್ದಲ್ಲೇ ಇರುತ್ತದೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ನಾನು ನಾಲ್ಕು ಗೆರೆ ಎಳೆದುಕೊಳ್ಳುತ್ತೇನೆ. ಚೆಂಡು ಹೇಗೆ ಸಿಕ್ಕಿತು: ಕಿತ್ತಾಟದಲ್ಲೋ, ಬಿಡುವಾಗಿಯೋ. ಎಷ್ಟು ಪಟ್ಟಿಗೆ ಕೈಗೆ ಹತ್ತಿತು. ಯಾವ ಕಾಲು, ಯಾವ ಕೈ ಬಳಸಿದ. ತೆಗೆದುಕೊಂಡವನ ಸ್ಥಿತಿ ಮೊದಲಿಗಿಂತ ಚೆನ್ನಾಯಿತೋ ಕೆಟ್ಟಿತೋ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸಂಕಟದಲ್ಲಿರುವ ಗೆಳೆಯನಿಗೆ ಚೆಂಡು ದಾಟಿಸಿ ಕೈ ತೊಳೆದುಕೊಳ್ಳುವವರು ಬಹಳ ಜನ ಇದ್ದಾರೆ.

ಚೆಂಡು ಕಳೆದುಕೊಂಡ ಮರುಕ್ಷಣ ಏನು ಮಾಡುತ್ತಾನೆ ಎಂಬುದನ್ನೂ ಗಮನಿಸಿ. ಕೆಲವರು ಸೊಂಟದ ಮೇಲೆ ಕೈಯಿಟ್ಟು ಅಂಪೈರ್ ಕಡೆ ನೋಡುತ್ತಾರೆ. ಕೆಲವರು ತಿರುಗಿ ಓಡುತ್ತಾರೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಹತ್ತು ನಿಮಿಷದಲ್ಲಿ ಇದು ಎದ್ದು ಕಾಣುತ್ತದೆ. ಅಷ್ಟು ಹೊತ್ತಿಗೆ ಕಾಲಲ್ಲಿ ಕಸುವು ಇರುವುದಿಲ್ಲ. ಅಭ್ಯಾಸ ಒಂದೇ ಉಳಿದಿರುತ್ತದೆ.

ನಾಲ್ಕನೇ ಹೆಜ್ಜೆ: ಈಗ ಅಂಕಿ ತೆಗೆಯಿರಿ

ಕಣ್ಣು ಮೊದಲು, ಅಂಕಿ ಆಮೇಲೆ. ಮೊದಲೇ ಅಂಕಿ ನೋಡಿ ಹೋದರೆ ಅದಕ್ಕೆ ತಕ್ಕದ್ದೇ ಕಣ್ಣಿಗೆ ಬೀಳುತ್ತದೆ.

ಡಿಸ್ಪೋಸಲ್ ಅಂದರೆ ಒದೆತ ಮತ್ತು ಹ್ಯಾಂಡ್‌ಬಾಲ್ ಎರಡನ್ನೂ ಕೂಡಿದ ಮೊತ್ತ. ಸುದ್ದಿಯಲ್ಲಿ ಬರುವುದು ಇದೇ. ನಾನು ಅದರ ಒಳಕ್ಕೆ ಇಳಿಯುತ್ತೇನೆ. ಇನ್‌ಸೈಡ್‌ನವನಾದರೆ ಕಾಂಟೆಸ್ಟೆಡ್ ಪೊಸೆಷನ್, ಅಂದರೆ ಪೈಪೋಟಿಯಲ್ಲಿ ಗೆದ್ದ ಚೆಂಡು ಎಷ್ಟು, ಕ್ಲಿಯರೆನ್ಸ್ (ಗುಂಪಿನಿಂದ ಚೆಂಡನ್ನು ಹೊರಗೆ ದಾಟಿಸಿದ್ದು) ಎಷ್ಟು, ಟ್ಯಾಕಲ್ (ಎದುರಾಳಿಯನ್ನು ಹಿಡಿದು ನಿಲ್ಲಿಸಿದ್ದು) ಎಷ್ಟು ಎಂದು ನೋಡಿ. ಔಟ್‌ಸೈಡ್‌ನವನಾದರೆ ಒದೆತ ಎಷ್ಟು ಗುರಿ ಮುಟ್ಟಿತು, ಎಷ್ಟು ಸಲ ಚೆಂಡನ್ನು ಎದುರಾಳಿಯ 50 ಮೀಟರ್ ಗೆರೆಯೊಳಗೆ ಕಳಿಸಿದ, ಅವನ ಕೈ ಹಾಯ್ದ ಚೆಂಡು ಎಷ್ಟು ಸಲ ಸ್ಕೋರ್ ಆಯಿತು ಎಂದು ನೋಡಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಸುಮ್ನೆ ಉದಾಹರಣೆಗೆ ಅಂತ ಇಟ್ಟುಕೊಳ್ಳಿ. ಅ ಎಂಬ ಹುಡುಗ ಪಂದ್ಯಕ್ಕೆ 30 ಡಿಸ್ಪೋಸಲ್, ಅದರಲ್ಲಿ ಪೈಪೋಟಿಯಲ್ಲಿ ಗೆದ್ದ ಚೆಂಡು 9. ಬ ಎಂಬವನು 21 ಡಿಸ್ಪೋಸಲ್, ಪೈಪೋಟಿಯದು 13. ಮೊದಲ ನೋಟಕ್ಕೆ ಅ ಮುಂದೆ. ಆದರೆ ಅವನಿಗೆ ಮೂರರಲ್ಲಿ ಒಂದಕ್ಕಿಂತ ಕಡಿಮೆ ಚೆಂಡು ಕಷ್ಟಪಟ್ಟು ಸಿಕ್ಕಿದ್ದು, ಬನಿಗೆ ಅರ್ಧಕ್ಕಿಂತ ಜಾಸ್ತಿ. ಈಗ ಎಷ್ಟು ಹೊತ್ತು ಆಡಿದರು ಎಂದೂ ನೋಡಿ. ಬ ಪಂದ್ಯದ ಅರ್ಧ ಭಾಗ ಫಾರ್ವರ್ಡ್ ಜಾಗದಲ್ಲಿ ಆಡಿದ್ದರೆ ಆ 13ರ ತೂಕ ಇನ್ನೂ ಜಾಸ್ತಿ. ಹುಡುಗರ ಲೀಗ್‌ನಲ್ಲಿ ಕೋಚ್‌ಗಳು ಎಲ್ಲರಿಗೂ ಅವಕಾಶ ಸಿಗಲಿ ಎಂದು ಜಾಗ ಬದಲಾಯಿಸುತ್ತಲೇ ಇರುತ್ತಾರೆ. ಚೌಕದೊಳಗೆ ಯಾರು ಎಷ್ಟು ಸಲ ನಿಂತರು ಎಂದು ನೀವೇ ಎಣಿಸಿಕೊಂಡರೆ ಒಳ್ಳೆಯದು.

ಐದನೇ ಹೆಜ್ಜೆ: ಕಂಬೈನ್ ಅಂಕಿಗಳಿಗೆ ಎಷ್ಟು ಬೆಲೆ?

ಸೀಸನ್ ಮುಗಿದ ಮೇಲೆ ಡ್ರಾಫ್ಟ್ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. 20 ಮೀಟರ್ ಓಟ, ಕಂಬಗಳ ನಡುವೆ ತಿರುಗಿ ತಿರುಗಿ ಓಡುವ ಪರೀಕ್ಷೆ, ನಿಂತಲ್ಲಿಂದ ಜಿಗಿತ, ಓಡಿ ಬಂದು ಜಿಗಿತ, 2 ಕಿ.ಮೀ. ಓಟ. 20 ಮೀಟರ್ ಅನ್ನು 2.9 ಸೆಕೆಂಡ್ ಆಸುಪಾಸಿನಲ್ಲಿ ಮುಗಿಸಿದರೆ ಚುರುಕು ಕಾಲಿನವನು ಅನ್ನಬಹುದು. 2 ಕಿ.ಮೀ. ಓಟವನ್ನು ಆರು ನಿಮಿಷದ ಹತ್ತಿರ ಮುಗಿಸಿದರೆ ದಮ್ಮು ಇದೆ ಎಂದರ್ಥ.

ಇದನ್ನು ನಾನು ಜಾತಕದಂತೆ ನೋಡುತ್ತೇನೆ. ಕೂಡಿ ಬಂದರೆ ಸಂತೋಷ, ಆದರೆ ಹುಡುಗನನ್ನು ಮನೆಗೆ ಹೋಗಿ ನೋಡದೆ ಯಾರಾದರೂ ಒಪ್ಪುತ್ತಾರಾ? ನಿಮ್ಮ ನೋಟ್‌ಬುಕ್ಕಿನಲ್ಲಿ ಏಳುವ ಸಂಶಯಕ್ಕೆ ಉತ್ತರ ಹುಡುಕಲು ಮಾತ್ರ ಈ ಅಂಕಿ ಬಳಸಿ. "ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಣೆಯಾದ" ಎಂದು ಬರೆದಿದ್ದೀರಾ? ಹಾಗಾದರೆ 2 ಕಿ.ಮೀ. ಸಮಯ ನೋಡಿ. ಅದು ಚೆನ್ನಾಗಿದ್ದರೆ ಅಂದು ಜ್ವರವಿತ್ತೋ ಏನೋ, ಇನ್ನೊಂದು ಪಂದ್ಯ ನೋಡಿ.

ಆರನೇ ಹೆಜ್ಜೆ: ಆಡದೆ ಉಳಿದ ಪಂದ್ಯಗಳು

ಗಾಯ ಆದವನ ಹೆಸರಿಗೆ ಅಂಕಿ ಕಡಿಮೆ ಇರುತ್ತದೆ. ಅದು ಅವನ ಆಟದ ಕೊರತೆ ಅಲ್ಲ, ನಮ್ಮ ಮಾಹಿತಿಯ ಕೊರತೆ. 2024ರಲ್ಲಿ ಗಾಯಗಳಿಂದಾಗಿ ಸ್ಯಾಮ್ ಲೇಲರ್ ಆಡಿದ್ದು ಕಡಿಮೆ. ಆದರೂ ರಿಚ್ಮಂಡ್ ಅವನನ್ನೇ ಒಂದನೇ ಪಿಕ್‌ನಲ್ಲಿ ತೆಗೆದುಕೊಂಡಿತು. 2020ರಲ್ಲಂತೂ ಕೋವಿಡ್‌ನಿಂದ ವಿಕ್ಟೋರಿಯಾದ ಹುಡುಗರ ಲೀಗೇ ರದ್ದಾಯಿತು. ಹಿಂದಿನ ವರ್ಷದ ವಿಡಿಯೋ ನೋಡಿ, ಫೋನ್‌ನಲ್ಲಿ ವಿಚಾರಿಸಿ ಆರಿಸಬೇಕಾಯಿತು. ಅದೇ ಡ್ರಾಫ್ಟ್‌ನ 32ನೇ ಪಿಕ್ ಎರಲ್ ಗುಲ್ಡೆನ್. ಸಿಡ್ನಿ ತಂಡದ ಅಕಾಡೆಮಿಯಲ್ಲೇ ಬೆಳೆದವನು, ಎತ್ತರ 180 ಸೆಂ.ಮೀ.ಗೂ ಕಡಿಮೆ. 2023ಕ್ಕೆ ಆಲ್-ಆಸ್ಟ್ರೇಲಿಯನ್ ತಂಡದಲ್ಲಿದ್ದ, ಅಂದರೆ ಆ ಸೀಸನ್‌ನ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ.

ಇಲ್ಲಿ ರೋವೆಲ್ ಕಥೆ ಮತ್ತೆ ಬೇಕು. 2020ರಲ್ಲಿ ಬಂದವನೇ ಎರಡು, ಮೂರು, ನಾಲ್ಕನೇ ಸುತ್ತಿನಲ್ಲಿ ಸಾಲಾಗಿ ಅಂಪೈರ್‌ಗಳಿಂದ ಮೂರು ಮೂರು ಬ್ರೌನ್ಲೋ ಓಟು (ಪಂದ್ಯದ ಅತ್ಯುತ್ತಮ ಆಟಗಾರನಿಗೆ ಸಿಗುವಷ್ಟು) ಪಡೆದ. ಐದನೇ ಸುತ್ತಿನಲ್ಲಿ ಭುಜ ಹೋಯಿತು. 2021ರ ಮೊದಲ ಪಂದ್ಯದಲ್ಲೇ ಮೊಣಕಾಲು. ಆ ಎರಡು ವರ್ಷ ಆ್ಯಂಡರ್ಸನ್ ತನ್ನ ಪಾಡಿಗೆ ಆಡುತ್ತಾ ಹೋದ. "ಎರಡನೇ ಪಿಕ್ಕೇ ಸರಿ ಇತ್ತು, ಅಲ್ವಾ?" ಎಂದವರಲ್ಲಿ ನಾನೂ ಒಬ್ಬ. 2025ಕ್ಕೆ ಆ್ಯಂಡರ್ಸನ್ ತಂಡದ ನಾಯಕ, ರೋವೆಲ್ 39 ಓಟುಗಳ ಬ್ರೌನ್ಲೋ ವಿಜೇತ. ಗೋಲ್ಡ್ ಕೋಸ್ಟ್ ತನ್ನ ಚರಿತ್ರೆಯಲ್ಲೇ ಮೊದಲ ಸಲ ಫೈನಲ್ಸ್ ಹಂತ ತಲುಪಿದ್ದೂ ಅದೇ ವರ್ಷ.

ಭುಜ, ಮೊಣಕಾಲು ಒಂದು ಬಗೆ. ಒಂದೇ ಸ್ನಾಯು ಪದೇ ಪದೇ ಕೈಕೊಡುವುದು ಬೇರೆ ಬಗೆ. ಎರಡನೆಯದನ್ನು ಕಂಡರೆ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಏಳನೇ ಹೆಜ್ಜೆ: ಪಿಕ್ ನಂಬರ್ ನೋಡಿ ಮೋಸ ಹೋಗಬೇಡಿ

ಡ್ರಾಫ್ಟ್ ರಾತ್ರಿಯ ಸರದಿ ಹುಡುಗರ ಗುಣದ ಸರದಿ ಅಂದುಕೊಳ್ಳಬೇಡಿ. ಅಪ್ಪ ಒಂದು ಕ್ಲಬ್‌ಗೆ 100 ಪಂದ್ಯ ಆಡಿದ್ದರೆ ಮಗನನ್ನು ಪಡೆಯಲು ಆ ಕ್ಲಬ್‌ಗೆ ಮೊದಲ ಹಕ್ಕು. ಬೇರೆ ಕ್ಲಬ್ ಅವನ ಹೆಸರು ಕೂಗಿದರೆ, ಇವರು ತಮ್ಮ ಪಿಕ್‌ಗಳ ಪಾಯಿಂಟ್ ಕೊಟ್ಟು ಸರಿಗಟ್ಟಿ ಹುಡುಗನನ್ನು ಕರೆದುಕೊಳ್ಳಬಹುದು. ಡೇಕೋಸ್ ಕಾಲಿಂಗ್‌ವುಡ್‌ಗೆ ಬಂದಿದ್ದು ಹೀಗೆ. ಅಕಾಡೆಮಿ ಹುಡುಗರಿಗೂ ಇಂಥದೇ ದಾರಿ ಇದೆ, ಗುಲ್ಡೆನ್ ಸಿಡ್ನಿಗೆ ಹೋದದ್ದು ಅದರಲ್ಲೇ. ಆ್ಯಂಡರ್ಸನ್ ಅಪ್ಪನೂ ಹಾಥಾರ್ನ್‌ನಲ್ಲಿ ಆಡಿದವರು, ಆದರೆ 100 ಮುಟ್ಟಲಿಲ್ಲ. ಮುಟ್ಟಿದ್ದರೆ ಮಗ ಮೆಲ್ಬರ್ನ್‌ನಲ್ಲೇ ಇರುತ್ತಿದ್ದನೋ ಏನೋ.

2024ರ ಪಟ್ಟಿ ನೋಡಿ. ಲೇಲರ್, ಫಿನ್ ಓಸುಲಿವನ್, ಜಾಗಾ ಸ್ಮಿತ್, ಸಿಡ್ ಡ್ರೇಪರ್, ಲೀವೈ ಆಶ್‌ಕ್ರಾಫ್ಟ್, ಹಾರ್ವಿ ಲ್ಯಾಂಗ್‌ಫರ್ಡ್, ಜೋಶ್ ಸ್ಮಿಲಿ. ಮೊದಲ ಏಳು ಪಿಕ್‌ಗಳೂ ಮಿಡ್‌ಫೀಲ್ಡರ್‌ಗಳೇ! ಮರುವರ್ಷದ ರೈಸಿಂಗ್ ಸ್ಟಾರ್ ಪ್ರಶಸ್ತಿ ಇವರಲ್ಲಿ ಯಾರಿಗೂ ಹೋಗಲಿಲ್ಲ. 17ನೇ ಪಿಕ್‌ನಲ್ಲಿ ಫ್ರಿಮ್ಯಾಂಟಲ್ ತೆಗೆದುಕೊಂಡ ಮರ್ಫಿ ರೀಡ್‌ಗೆ ಹೋಯಿತು. ಅವನೂ ಮಿಡ್‌ಫೀಲ್ಡರ್ ಆಗಿಯೇ ಬೆಳೆದವನು, ಆದರೆ ಕ್ಲಬ್ ಅವನನ್ನು ಹೆಚ್ಚಾಗಿ ಮುಂದಿನ ಸಾಲಿನಲ್ಲಿ ಆಡಿಸಿತು. ಅದಕ್ಕೇ ನನ್ನ ಹಾಳೆಯಲ್ಲಿ ಈಗ ಒಂದು ಸಾಲು ಜಾಸ್ತಿ: ಮೊದಲ ವರ್ಷ ನಡುವಿನ ಚೌಕದಲ್ಲಿ ಜಾಗ ಸಿಗದಿದ್ದರೆ ಇವನು ಬೇರೆ ಎಲ್ಲಿ ಆಡಬಲ್ಲ? ಗೋಲ್ ಹೊಡೆಯಬಲ್ಲನಾ, ಹಿಂದೆ ನಿಂತು ಚೆಂಡು ಹಂಚಬಲ್ಲನಾ? ಎರಡೂ ಬರದ ಇನ್‌ಸೈಡ್ ಮಿಡ್ ಎಷ್ಟೇ ಚೆನ್ನಾಗಿದ್ದರೂ ಒಂದು ವರ್ಷ ಎರಡನೇ ದರ್ಜೆಯ ತಂಡದಲ್ಲಿ ಕಾಯಬೇಕಾಗುತ್ತದೆ.

ಕೊನೆಗೆ, ಒಂದು ಹೆಸರು ಬರೆಯಿರಿ

ಡ್ರಾಫ್ಟ್‌ಗೆ ಹಿಂದಿನ ದಿನ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಬ್ಬನ ಹೆಸರಿಗೆ ಸುತ್ತು ಹಾಕಿ. "ಇಬ್ಬರೂ ಒಳ್ಳೆಯವರೇ" ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಳಗೆ ಎರಡು ಸಾಲು ಕಾರಣ ಬರೆಯಿರಿ. ತಾರೀಕು ಹಾಕಿ. ಎರಡು ವರ್ಷವಾದ ಮೇಲೆ, ಸಾಧ್ಯವಾದರೆ ಐದು ವರ್ಷವಾದ ಮೇಲೆ, ತೆಗೆದು ಓದಿ. 2019ರ ನನ್ನ ಹಾಳೆಯಲ್ಲಿ ರೋವೆಲ್ ಹೆಸರಿನ ಮುಂದೆ "ಇವನ ಕೈಯಿಂದ ಕಿತ್ತುಕೊಳ್ಳುವುದು ಕಷ್ಟ, ಒದೆತ ಸುಧಾರಿಸಬೇಕು" ಎಂದಿದೆ. ಸುತ್ತು ಇರುವುದು ಆ್ಯಂಡರ್ಸನ್ ಹೆಸರಿಗೆ.

ಅಂದಹಾಗೆ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನು ಬೇಡ. ಆ ಜುಲೈ ಶನಿವಾರದ ಪುಟದಲ್ಲಿ ಮಳೆಗೆ ಮಸಿ ಹರಡಿ, 19ರ ಹುಡುಗನ ಜೆರ್ಸಿ ನಂಬರ್ 6ನೋ 8ನೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.